ಆರ್‌ಡಿ 350: ಎರಡು ಕಾರ್ಬೊರೇಟರ್ ಮನೆಯಲ್ಲೇ ಸಿಂಕ್ ಮಾಡೋದು ಎಷ್ಟು ದಿನಕ್ಕೊಮ್ಮೆ?

ಬಿಸಿಲೆ_ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರದ ಹತ್ತಿರದವನು. ನಮ್ಮ ಸೋದರಮಾವನ 1987ರ ರಾಜ್‌ದೂತ್ 350 (ಆರ್‌ಡಿ 350 ಅಂತ ಕರೆಯೋ ಬೈಕು) ಈಗ ನನ್ನ ಹತ್ತಿರ ಇದೆ. ಕಾಫಿ ಸ್ಟೋರಿನ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ 11 ವರ್ಷ ನಿಂತಿತ್ತು. ಮಾವ ತೀರಿಕೊಂಡ ಮೇಲೆ ಅತ್ತೆ ಕರೆದು, "ಇದನ್ನ ಗುಜರಿಗೆ ಹಾಕೋಕೆ ಮನಸ್ಸಿಲ್ಲ, ನೀನೇ ತಗೊಂಡು ಹೋಗು" ಅಂದರು. ಹೋದ ವರ್ಷ ಎಂಜಿನ್ ಪೂರ್ತಿ ಬಿಚ್ಚಿಸಿದೆ. ಕ್ರ್ಯಾಂಕ್ ಸೀಲ್, ಪಿಸ್ಟನ್, ರಿಂಗು, ಪಾಯಿಂಟ್, ಕಂಡೆನ್ಸರ್ ಎಲ್ಲ ಹೊಸದು. ಕೇಬಲ್ ಮಾತ್ರ ಹಳೆಯದೇ, ಚೆನ್ನಾಗಿ ಕಾಣ್ತಿತ್ತು ಅಂತ ಬಿಟ್ಟೆ.

ಭಾನುವಾರ ಬಿಸಿಲೆ ಘಾಟ್ ಇಳಿದು ಸುಬ್ರಹ್ಮಣ್ಯಕ್ಕೆ ಹೋಗಿ ಬರ್ತೇನೆ. ಅಷ್ಟೇ ಓಡಾಟ.

ಸಮಸ್ಯೆ ಇದು. ನಾಲ್ಕು ತಿಂಗಳಲ್ಲಿ ಮೂರು ಸಲ ಸಿಂಕ್ (ಎರಡೂ ಕಾರ್ಬೊರೇಟರ್ ಒಟ್ಟಿಗೆ, ಸಮವಾಗಿ ತೆರೆಯೋ ಹಾಗೆ ಮಾಡೋದು) ಆಯ್ತು. ಮೊದಲ ಸಲ ಹಾಸನದ ಒಬ್ಬ ಮೆಕ್ಯಾನಿಕ್ ಮಾಡಿದರು, ಆಮೇಲೆ ಎರಡು ಸಲ ನಾನೇ ಮಾಡಿದೆ. ಮಾಡಿದ ದಿನ ಗಾಡಿ ಬೆಣ್ಣೆ ಹಾಗೆ ಓಡುತ್ತೆ. ಎರಡು ಭಾನುವಾರ ಕಳೆದ ಮೇಲೆ ಮತ್ತೆ ಅದೇ ಕಥೆ. ಮೂರನೇ ಗೇರಿನಲ್ಲಿ 30–40ರ ಸ್ಪೀಡಲ್ಲಿ ನಿಧಾನಕ್ಕೆ ರೇಸ್ ಕೊಟ್ಟರೆ ಜರ್ಕ್ ಹೊಡೆಯುತ್ತೆ. ಎಡಗಡೆ ಸೈಲೆನ್ಸರಿನಿಂದ ಹೊಗೆ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿದರೆ ಬಲಗಡೆದು ಬಿಸ್ಕತ್ ಬಣ್ಣ, ಎಡಗಡೆದು ಕಪ್ಪು, ಒದ್ದೆ.

ಹಾಸನದವರು 500 ಕಿಲೋಮೀಟರಿಗೊಮ್ಮೆ ಮಾಡಲೇಬೇಕು ಅಂತಾರೆ. ಇನ್ನೊಬ್ಬರು ವರ್ಷಕ್ಕೊಮ್ಮೆ ಸಾಕು ಅಂದರು. ನಿಮ್ಮ ಅನುಭವದಲ್ಲಿ ಎಷ್ಟು? ಘಾಟ್ ಇಳಿದು ಹತ್ತೋದರಿಂದ ಹೀಗಾಗುತ್ತಾ? ಗಾಳಿಯ ಎಳೆತ ಅಳೆಯೋ ವ್ಯಾಕ್ಯೂಮ್ ಗೇಜ್ ತಗೋಬೇಕಾ?

ಬೆಂಗಳೂರು_ಟೂಸ್ಟ್ರೋಕ್:

ನನ್ನದು 1984ರ ಎಚ್‌ಟಿ (ಇದೇ ಗಾಡಿಯ ಹೈ ಟಾರ್ಕ್ ಮಾದರಿ). ಪ್ರತಿ 1000 ಕಿಲೋಮೀಟರಿಗೆ ಪ್ಲಗ್, ಪಾಯಿಂಟ್ ನೋಡುವಾಗ ಸಿಂಕ್ ಕೂಡ ನೋಡಿಸ್ತೀನಿ. ಹೆಚ್ಚಿನ ಸಲ ಮುಟ್ಟೋ ಅವಶ್ಯಕತೆನೇ ಇರಲ್ಲ. ಎರಡು ವಾರಕ್ಕೆ ಹಾಳಾಗುತ್ತೆ ಅಂದರೆ ಎಲ್ಲೋ ಏನೋ ಸಡಿಲ ಇದೆ. ಕಾರ್ಬೊರೇಟರ್ ಮತ್ತು ಎಂಜಿನ್ ಮಧ್ಯದ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ. ನನಗೆ ಒಂದು ಸಲ ಅದೇ ಆಗಿತ್ತು, ಹೊರಗಿನಿಂದ ಏನೂ ಕಾಣ್ತಿರಲಿಲ್ಲ. ಬೆರಳಲ್ಲಿ ಬಗ್ಗಿಸಿದಾಗ ಸೀಳು ಬಾಯಿ ಬಿಟ್ಟಿತು. ಕೇಬಲ್ ಬೇಕಾದರೆ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತೆ.

ತೀರ್ಥಹಳ್ಳಿ_ಮೇಷ್ಟ್ರು:

ಬಿಸಿಲೆಯವರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮಾವನ ಗಾಡಿಯನ್ನು ಉಳಿಸಿಕೊಂಡಿದ್ದೀರಿ. ನಾನು ಐಟಿಐನಲ್ಲಿ ಪಾಠ ಹೇಳುತ್ತಿದ್ದವನು, ಈಗ ನಿವೃತ್ತ. 1991ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ ಆರ್‌ಡಿ ಇವತ್ತಿಗೂ ನನ್ನ ಜೊತೆಗಿದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನೋಡೋದು ಬೇರೆ, ತಿರುಗಿಸೋದು ಬೇರೆ. ನಾನು ತಿಂಗಳಿಗೊಮ್ಮೆ ನೋಡುತ್ತೇನೆ, ಎರಡು ನಿಮಿಷದ ಕೆಲಸ. ಸ್ಕ್ರೂ ಮುಟ್ಟೋದು ವರ್ಷಕ್ಕೆ ಒಂದೋ ಎರಡೋ ಸಲ. ಹೊಸ ಕೇಬಲ್ ಹಾಕಿದಾಗ ಮಾತ್ರ ಲೆಕ್ಕ ಬೇರೆ. ಮೊದಲ 50 ಕಿಲೋಮೀಟರಿಗೆ ಒಮ್ಮೆ, 200ಕ್ಕೆ ಒಮ್ಮೆ ನೋಡಲೇಬೇಕು, ಯಾಕಂದರೆ ಕೇಬಲ್ ಕೂರುವ ಹೊತ್ತಿಗೆ ಸ್ವಲ್ಪ ಸಡಿಲ ಬಿಡುತ್ತದೆ. ನೀವು ನಾಲ್ಕು ತಿಂಗಳಲ್ಲಿ ಮೂರು ಸಲ ತಿರುಗಿಸಿದ್ದೀರಿ. ಅಂದರೆ ಕಾಯಿಲೆ ಸಿಂಕಿನದಲ್ಲ. ಸಿಂಕ್ ಹಾಳು ಮಾಡುತ್ತಿರುವುದು ಇನ್ನೇನೋ ಇದೆ. ಅದನ್ನು ಹಿಡಿಯಬೇಕು.

ಈ ಗಾಡಿಯಲ್ಲಿ ಆಕ್ಸಿಲರೇಟರಿನಿಂದ ಒಂದು ಕೇಬಲ್ ಹೊರಡುತ್ತದೆ. ಟ್ಯಾಂಕಿನ ಕೆಳಗೆ ಒಂದು ಸಣ್ಣ ಡಬ್ಬಿಯಲ್ಲಿ ಅದು ಮೂರಾಗುತ್ತದೆ. ಒಂದೊಂದು ಕಾರ್ಬೊರೇಟರಿಗೆ ಒಂದೊಂದು, ಮೂರನೆಯದು ಎಂಜಿನ್ನಿಗೆ ಆಯಿಲ್ ಕೊಡುವ ಪಂಪಿಗೆ. ಒಂದೊಂದು ಕಾರ್ಬೊರೇಟರಿನ ಸ್ಲೈಡನ್ನೂ (ಒಳಗೆ ಗಾಳಿಯ ದಾರಿ ತೆರೆದು ಮುಚ್ಚುವ ತುಂಡು) ಅದರದೇ ಕೇಬಲ್ ನೇರವಾಗಿ ಮೇಲಕ್ಕೆ ಎಳೆಯುತ್ತದೆ. ಎರಡಕ್ಕೂ ನಡುವೆ ಬೇರೆ ಕೊಂಡಿ ಇಲ್ಲ. ಹಾಗಾಗಿ ಒಂದು ಕೇಬಲ್ ಅರ್ಧ ಮಿಲಿಮೀಟರ್ ಸಡಿಲವಾದರೂ ಆ ಕಡೆಯ ಸ್ಲೈಡ್ ತಡವಾಗಿ ಏಳುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಅದು ಗೊತ್ತಾಗುವುದಿಲ್ಲ. ಸ್ವಲ್ಪವೇ ತೆರೆದಾಗ, ಅಂದರೆ ನಿಮ್ಮ 30–40ರ ಸ್ಪೀಡಿನಲ್ಲಿ, ಒಂದು ಸಿಲಿಂಡರ್ ಎಳೆಯುತ್ತಿರುತ್ತದೆ, ಇನ್ನೊಂದು ಅರೆನಿದ್ದೆಯಲ್ಲಿರುತ್ತದೆ. ನಿಮ್ಮ ಎಡಗಡೆ ಪ್ಲಗ್ ಒದ್ದೆಯಾಗಿರುವುದು ಇದೇ ಕಾರಣಕ್ಕೆ ಅಂತ ನನಗೆ ಅನಿಸುತ್ತದೆ.

ನೋಡುವ ಕ್ರಮ ಹೇಳುತ್ತೇನೆ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಸುತ್ತಮುತ್ತ ಸದ್ದು ಇರಬಾರದು. ನಾನು ಬೆಳಿಗ್ಗೆ ಆರು ಗಂಟೆಗೆ ಅಂಗಳದಲ್ಲಿ ಮಾಡುತ್ತೇನೆ. ಆಕ್ಸಿಲರೇಟರನ್ನು ಅರ್ಧ ತಿರುಗಿಸಿ ಥಟ್ಟನೆ ಬಿಡಿ. ಎರಡು ಸ್ಲೈಡ್‌ಗಳೂ ಒಟ್ಟಿಗೆ ಕೆಳಗೆ ಬಿದ್ದರೆ "ಟಕ್" ಅಂತ ಒಂದೇ ಸದ್ದು. ಒಂದು ಹಿಂದೆ ಬಿದ್ದರೆ "ಟ-ಟಕ್" ಅನ್ನುತ್ತದೆ. ನನ್ನ ಹೆಂಡತಿಯ ಕಿವಿ ನನಗಿಂತ ಚುರುಕು. ಅಡುಗೆಮನೆ ಕಿಟಕಿಯಿಂದಲೇ "ಇವತ್ತು ಎರಡಾಯ್ತು ನೋಡಿ" ಅನ್ನುತ್ತಾಳೆ, ಅವಳು ಹೇಳಿದ್ದು ಯಾವತ್ತೂ ತಪ್ಪಿಲ್ಲ.

ಎರಡು ಸದ್ದು ಬಂದರೆ ಮಾತ್ರ ಮುಂದಿನ ಕೆಲಸ. ಕಾರ್ಬೊರೇಟರಿನ ಹಿಂದಿನ ಏರ್ ಫಿಲ್ಟರ್ ರಬ್ಬರ್ ಬಿಡಿಸಿ. ಒಳಗೆ ಸ್ಲೈಡ್ ಕಾಣುತ್ತದೆ. ಒಂದು ಕೈಯ ತೋರುಬೆರಳು ಎಡ ಸ್ಲೈಡಿಗೆ, ಇನ್ನೊಂದು ಕೈಯದು ಬಲ ಸ್ಲೈಡಿಗೆ ಮೆಲ್ಲಗೆ ತಾಗಿಸಿ. ಮನೆಯವರಿಗೆ ಹೇಳಿ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಲಿ. ಯಾವುದು ಮೊದಲು ಕದಲಿತು ಅಂತ ಬೆರಳಿಗೆ ಸ್ಪಷ್ಟ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ, ನಾನು ಹುಡುಗರಿಗೆ ಕಲಿಸುವಾಗ ಇದನ್ನೇ ಮೊದಲು ಮಾಡಿಸುತ್ತಿದ್ದೆ.

ಸರಿಮಾಡುವಾಗ ಎರಡು ಐಡಲ್ ಸ್ಕ್ರೂಗಳನ್ನೂ (ರೇಸ್ ಕೊಡದಿದ್ದಾಗ ಎಂಜಿನ್ ಓಡುವ ವೇಗ ಕೂರಿಸುವವು) ಪೂರ್ತಿ ಹಿಂದಕ್ಕೆ ತೆಗೆಯಿರಿ, ಸ್ಲೈಡ್ ತಳಕ್ಕೆ ಕೂರಲಿ. ಕೇಬಲ್ ಅಡ್ಜಸ್ಟರ್‌ಗಳನ್ನು ಸಡಿಲ ಬಿಡಿ. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತಗೊಳ್ಳಿ, ಅದರ ನುಣುಪು ತುದಿಯನ್ನು ಒಂದೊಂದು ಸ್ಲೈಡಿನ ಕೆಳಗೆ ಇಡಿ. ಹಲ್ಲಿರುವ ತುದಿ ಬೇಡ, ಸ್ಲೈಡಿಗೆ ಗೀರು ಬೀಳುತ್ತದೆ. ಐಡಲ್ ಸ್ಕ್ರೂ ತಿರುಗಿಸಿ ಎರಡೂ ಬಿಟ್ ಒಂದೇ ಬಿಗಿಯಲ್ಲಿ ಜಾರುವಂತೆ ಮಾಡಿ. ಆಮೇಲೆ ಬಿಟ್ ತೆಗೆದು, ಕೇಬಲ್ ಅಡ್ಜಸ್ಟರ್ ತಿರುಗಿಸಿ ಎರಡೂ ಸ್ಲೈಡ್ ಒಂದೇ ಕ್ಷಣಕ್ಕೆ ಕದಲುವಂತೆ ಮಾಡಿ. ಲಾಕ್ ನಟ್ ಬಿಗಿ ಮಾಡುವಾಗ ಅಡ್ಜಸ್ಟರ್ ತಾನೂ ತಿರುಗುತ್ತದೆ, ಅದನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಿ. ಕಡೆಗೆ ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಕಾದ ಮೇಲೆ ಎರಡೂ ಐಡಲ್ ಸ್ಕ್ರೂಗಳನ್ನು ಸಮಸಮವಾಗಿ ತಿರುಗಿಸಿ ಐಡಲ್ ಕೂರಿಸಿ. ನಾನು 1300 ಆರ್‌ಪಿಎಂ ಆಸುಪಾಸಿನಲ್ಲಿ ಇಡುತ್ತೇನೆ.

ಏರ್ ಸ್ಕ್ರೂ ಮಾತ್ರ ಸಿಂಕಿನ ಹೆಸರಲ್ಲಿ ಮುಟ್ಟಬೇಡಿ. ಎಷ್ಟೋ ಜನ ಮುಟ್ಟುತ್ತಾರೆ. ಅದು ಮಿಕ್ಸ್ಚರಿನ ಸ್ಕ್ರೂ. ಈ ಕಾರ್ಬೊರೇಟರಿನಲ್ಲಿ ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ, ಹೊರಗೆ ತಿರುಗಿಸಿದರೆ ಗಾಳಿ ಜಾಸ್ತಿ. ಸ್ಲೈಡ್ ತಡವಾಗಿ ಏಳುವುದಕ್ಕೆ ಅಲ್ಲಿ ಮದ್ದಿಲ್ಲ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ, ಮೂರನೇ ಕೇಬಲ್. 1994ರ ಡಿಸೆಂಬರಿನಲ್ಲಿ ಒಂದು ಗ್ಯಾರೇಜಿನಲ್ಲಿ ಹೊಸ ಕೇಬಲ್ ಹಾಕಿಸಿದೆ. ಅವರು ಎರಡು ಕಾರ್ಬೊರೇಟರನ್ನೂ ಚೆನ್ನಾಗಿ ಸಮ ಮಾಡಿದರು. ಪಂಪಿನ ಕವರ್ ಬಿಚ್ಚಿ ನೋಡಲಿಲ್ಲ. ನಾನೂ ಕೇಳಲಿಲ್ಲ. ಮುಂದಿನ ವಾರ ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುತ್ತಿದ್ದೆ. ಹಿಂದೆ ಹೆಂಡತಿ, ಮಧ್ಯ ಮೂರು ವರ್ಷದ ಮಗಳು. 14 ಹೇರ್‌ಪಿನ್ ತಿರುವಿನಲ್ಲಿ ಒಂಬತ್ತನೆಯದೋ ಹತ್ತನೆಯದೋ ಇರಬೇಕು. ಎಂಜಿನ್ ಸದ್ದು ಒಂಥರಾ ಒಣಗಿದ ಹಾಗಾಯಿತು, ಕಿರ್ ಅಂದಿತು, ಹಿಂದಿನ ಚಕ್ರ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬೀಳಲಿಲ್ಲ. ಆಮೇಲೆ ಬಿಚ್ಚಿ ನೋಡಿದಾಗ ಪಂಪಿನ ಕೇಬಲ್ ಅಷ್ಟೂ ಸಡಿಲ. ರೇಸ್ ಎಷ್ಟು ಕೊಟ್ಟರೂ ಪಂಪ್ ಐಡಲಿನ ಆಯಿಲನ್ನೇ ಕೊಡುತ್ತಿತ್ತು. ಪಿಸ್ಟನ್ನಿನ ಪಕ್ಕದಲ್ಲಿ ಉಗುರಲ್ಲಿ ಕೆರೆದ ಹಾಗೆ ಉದ್ದುದ್ದ ಗೆರೆಗಳಿದ್ದವು. ಆ ಪಿಸ್ಟನ್ ಇನ್ನೂ ನನ್ನ ಮೇಜಿನ ಮೇಲಿದೆ.

ಅವತ್ತಿನಿಂದ ನನ್ನ ಲೆಕ್ಕದಲ್ಲಿ ಸಿಂಕ್ ಅಂದರೆ ಎರಡಲ್ಲ, ಮೂರು. ಸ್ಲೈಡ್ ಸರಿಮಾಡಿದ ಮೇಲೆ ಪಂಪಿನ ಪುಲ್ಲಿಯ ಗುರುತು ಪಿನ್ನಿಗೆ ಎದುರಾಗಿ ಬರುತ್ತದಾ ಅಂತ ಮ್ಯಾನುಯಲ್ ಹೇಳಿದ ಹಾಗೆ ನೋಡಿಯೇ ಕವರ್ ಮುಚ್ಚುತ್ತೇನೆ. ಪಂಪ್ ತೆಗೆದುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವವರಿಗೆ ಈ ಚಿಂತೆ ಇಲ್ಲ. ನಿಮ್ಮದು ಯಾವ ತರಹ ಅಂತ ಬರೆದಿಲ್ಲ, ದಯವಿಟ್ಟು ತಿಳಿಸಿ.

ಘಾಟ್ ವಿಷಯ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಬ್ರಹ್ಮಣ್ಯ ತುಂಬ ಕೆಳಗೆ. ಎತ್ತರ ಬದಲಾದರೆ ಮಿಕ್ಸ್ಚರ್ ಸ್ವಲ್ಪ ಬದಲಾಗುತ್ತದೆ, ನಿಜ. ಆದರೆ ಎರಡೂ ಕಾರ್ಬೊರೇಟರಿಗೆ ಒಂದೇ ಗಾಳಿ ಅಲ್ವಾ? ಒಂದೇ ಕಡೆ ಪ್ಲಗ್ ಕಪ್ಪಾಗಿದೆ ಅಂದರೆ ಘಾಟನ್ನು ದೂರಬೇಡಿ.

ಇನ್ನೊಂದು ಸಾಧ್ಯತೆ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 (ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್) ಶುರು ಮಾಡಿದರು, ಈಗ ಎಲ್ಲಿ ಹೋದರೂ ಅದೇ. ಎಥನಾಲ್ ನೀರು ಹೀರುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತರೆ ಕಾರ್ಬೊರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲಿನ ತಳದಲ್ಲಿ ಲೋಳೆ ಕಟ್ಟುತ್ತದೆ, ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಪೈಲಟ್ ಜೆಟ್, ಅರ್ಧ ಮುಚ್ಚುತ್ತದೆ. ಒಂದೇ ಕಡೆ ಮುಚ್ಚಿದರೆ ನೋಡೋಕೆ ಥೇಟ್ ಸಿಂಕ್ ಹೋದ ಹಾಗೇ ಇರುತ್ತದೆ. ಜೂನ್ ಬಂದ ಕೂಡಲೇ ನಾನು ಎರಡೂ ಬೌಲ್ ಖಾಲಿ ಮಾಡಿ ಇಡುತ್ತೇನೆ.

ಮೊದಲು ಪಾಯಿಂಟ್ (ಪ್ಲಗ್ಗಿಗೆ ಕಿಡಿಯ ಸಮಯ ಕೊಡುವ ಸ್ವಿಚ್) ಗ್ಯಾಪ್ ಎರಡೂ ಕಡೆ ಒಂದೇ ಇದೆಯಾ ನೋಡಿ. ನಾನು 0.35 ಮಿಲಿಮೀಟರ್ ಇಡುತ್ತೇನೆ. ಆಮೇಲೆ ಟ್ಯಾಂಕ್ ಎತ್ತಿ ಕೇಬಲ್ ನೋಡಿ. ನನ್ನ ಅನುಮಾನ ಪೂರ್ತಿ ಕೇಬಲ್ ಮೇಲೇ.

ಸ್ಯಾನ್‌ಹೊಸೆ_ಕನ್ನಡಿಗ:

ಮೇಷ್ಟ್ರೇ, ಎಷ್ಟು ಚೆನ್ನಾಗಿ ಬರೆದಿದ್ದೀರಿ. ವ್ಯಾಕ್ಯೂಮ್ ಗೇಜ್ ಬಗ್ಗೆ ಕೇಳಿದ್ದಾರಲ್ಲ, ನಾನು ಬಳಸುವವನು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 2009ರ ನಿಂಜಾ 250. ಅಮೆರಿಕದಲ್ಲಿ ಆಗ ಇದು ಕಾರ್ಬೊರೇಟರಿನಲ್ಲೇ ಬರುತ್ತಿತ್ತು. ಫೋರ್ ಸ್ಟ್ರೋಕ್, ಎರಡು ಸಿಲಿಂಡರ್, ಎರಡು ಕೆಹಿನ್ ಕಾರ್ಬೊರೇಟರ್. ಇದರಲ್ಲಿ ಕೇಬಲ್ ಸ್ಲೈಡನ್ನು ಎಳೆಯುವುದಿಲ್ಲ. ಕೆಳಗಿನ ಬಟರ್‌ಫ್ಲೈ ವಾಲ್ವ್ ತಿರುಗಿಸುತ್ತದೆ, ಸ್ಲೈಡ್ ಗಾಳಿಯ ಎಳೆತಕ್ಕೆ ತಾನಾಗಿ ಏಳುತ್ತದೆ. ಎರಡೂ ಕಾರ್ಬೊರೇಟರ್ ಒಂದಕ್ಕೊಂದು ಜೋಡಿಸಿಕೊಂಡಿರುತ್ತವೆ, ನಡುವೆ ಒಂದು ಸಿಂಕ್ ಸ್ಕ್ರೂ. ಹಾಗಾಗಿ ಅಷ್ಟು ಬೇಗ ಹಾಳಾಗುವುದಿಲ್ಲ. ಮೂರು ವರ್ಷದಲ್ಲಿ ನಾನು ಒಂದೇ ಸಲ ತಿರುಗಿಸಿದ್ದು, ಅದೂ ಕಾಲು ಸುತ್ತಿಗಿಂತ ಕಡಿಮೆ.

ಆದರೆ ವಾಲ್ವ್ ಕ್ಲಿಯರೆನ್ಸ್ (ಎಂಜಿನ್ ವಾಲ್ವಿಗೆ ಬಿಡುವ ಸಣ್ಣ ಸಂದು) ಸರಿ ಮಾಡಿದ ಮೇಲೇ ಸಿಂಕ್ ನೋಡಬೇಕು. ವಾಲ್ವ್ ಬಿಗಿ ಇದ್ದರೆ ಆ ಸಿಲಿಂಡರಿನ ವ್ಯಾಕ್ಯೂಮೇ ಬೇರೆ ಇರುತ್ತದೆ, ಗೇಜ್ ಸುಳ್ಳು ಹೇಳುತ್ತದೆ. ಗೇಜ್ ಇಲ್ಲದ ಕಾಲದಲ್ಲಿ ನಾನು ಒಂದು ಹಲಗೆಗೆ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಕಟ್ಟಿ, ಅರ್ಧ ಆಯಿಲ್ ತುಂಬಿಸಿ, ಎರಡು ತುದಿಯನ್ನು ಎರಡು ಸಿಲಿಂಡರಿನ ವ್ಯಾಕ್ಯೂಮ್ ತೂತಿಗೆ ಹಾಕಿ ಮಾಡಿದ್ದೆ. ಯಾವ ಕಡೆ ಎಳೆತ ಜಾಸ್ತಿಯೋ ಆ ಕಡೆ ಆಯಿಲ್ ಏರುತ್ತೆ. ಸಮ ನಿಂತರೆ ಸಿಂಕ್ ಸರಿ. ಪೈಪ್ ಉದ್ದ ಇರಬೇಕು, ಇಲ್ಲಾಂದ್ರೆ ಎಂಜಿನ್ ಆಯಿಲನ್ನೇ ಎಳೆದುಕೊಂಡುಬಿಡುತ್ತೆ.

ಆರ್‌ಡಿಗೆ ಇದು ಹೊಂದುತ್ತಾ ಮೇಷ್ಟ್ರೇ?

ತೀರ್ಥಹಳ್ಳಿ_ಮೇಷ್ಟ್ರು:

ಆರ್‌ಡಿಗೆ ಬೇಡ. ಟೂ ಸ್ಟ್ರೋಕ್, ಮೇಲಾಗಿ ರೀಡ್ ವಾಲ್ವ್ (ಗಾಳಿಯನ್ನು ಒಳಗೆ ಮಾತ್ರ ಬಿಡುವ ಕವಾಟ) ಇರುವ ಎಂಜಿನ್. ನಿಮ್ಮದರ ಹಾಗೆ ಗೇಜ್ ಹಾಕುವ ತೂತೂ ಇದರಲ್ಲಿಲ್ಲ. ಸ್ಲೈಡಿನ ಎತ್ತರ ಸಮ ಇದ್ದು, ಒಟ್ಟಿಗೆ ಎದ್ದರೆ ಸಾಕು. ಗೇಜಿನ ದುಡ್ಡಲ್ಲಿ ಒಳ್ಳೆ ಕೇಬಲ್ ತಗೊಳ್ಳಿ. ನೀವು ಹೇಳಿದ ಒಂದು ವಿಷಯ ತುಂಬ ಉಪಯೋಗದ್ದು. ನಿಮ್ಮದು ಒಂದಕ್ಕೊಂದು ಜೋಡಿಸಿದ್ದು, ಇದು ಬೇರೆ ಬೇರೆ ಕೇಬಲಿನದು. 500 ಸರಿಯೋ ಒಂದು ವರ್ಷ ಸರಿಯೋ ಅನ್ನೋದಕ್ಕೆ ಉತ್ತರ ಅಲ್ಲೇ ಇದೆ.

ಮೈಸೂರು_ಯೆಜ್ಡಿ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನನ್ನ ಯೆಜ್ಡಿ ರೋಡ್‌ಕಿಂಗಿಗೆ ಎರಡು ಸೈಲೆನ್ಸರ್ ಇದೆ. ಇದಕ್ಕೂ ಸಿಂಕ್ ಬೇಕಾ?

ಬೆಂಗಳೂರು_ಟೂಸ್ಟ್ರೋಕ್:

ಬೇಡ. ಅದು ಒಂದೇ ಸಿಲಿಂಡರ್, ಒಂದೇ ಕಾರ್ಬೊರೇಟರ್. ಹೊಗೆ ಹೋಗೋಕೆ ಮಾತ್ರ ಎರಡು ದಾರಿ. ನಿಮ್ಮೂರಲ್ಲೇ ಹುಟ್ಟಿದ ಗಾಡಿ, ಚೆನ್ನಾಗಿ ನೋಡಿಕೊಳ್ಳಿ.

ಬಿಸಿಲೆ_ಸವಾರ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರೇ, ಶನಿವಾರ ನೀವು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ಅಂಗಳದಲ್ಲಿ ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಸ್ಪಷ್ಟವಾಗಿ "ಟ-ಟಕ್". ಬೆರಳಿಟ್ಟು ನೋಡಿದೆ, ತಂಗಿ ಆಕ್ಸಿಲರೇಟರ್ ಹಿಡಿದಿದ್ದಳು. ಬಲಗಡೆ ಸ್ಲೈಡ್ ಎದ್ದು ಒಂದು ಮಿಲಿಮೀಟರ್ ಹೋದ ಮೇಲೆ ಎಡಗಡೆದು ಕದಲಿತು.

ಪಾಯಿಂಟ್ ಎರಡೂ ಸರಿ ಇತ್ತು. ರಬ್ಬರ್ ಬಗ್ಗಿಸಿ ನೋಡಿದೆ, ಸೀಳಿಲ್ಲ. ಬೌಲ್ ಬಿಚ್ಚಿದೆ, ಸ್ವಲ್ಪ ಕಸ ಇತ್ತು, ಜೆಟ್ ಕ್ಲೀನ್ ಇತ್ತು.

ಕಡೆಗೆ ಕೇಬಲ್ ಬಿಚ್ಚಿದೆ. ಬಲಗಡೆ ಕೇಬಲಿನ ಹೊರಕವಚದ ತುದಿಗೆ ಒಂದು ಸಣ್ಣ ಲೋಹದ ಟೋಪಿ ಇದೆ, ಅದು ಅಡ್ಜಸ್ಟರಿನೊಳಗೆ ನೀಟಾಗಿ ಕೂರುತ್ತೆ. ಎಡಗಡೆ ಕೇಬಲಿಗೆ ಆ ಟೋಪಿನೇ ಇಲ್ಲ! ಒಳಗಿನ ಸುರುಳಿ ತಂತಿ ಹೊರಗೆ ಬಂದು, ಅಡ್ಜಸ್ಟರಿನ ತಳವನ್ನು ಕೊರೆದು ಕೊರೆದು ಬಟ್ಟಲಿನ ಹಾಗೆ ಮಾಡಿದೆ. ಹಿತ್ತಾಳೆ ಪುಡಿ ಹೊಳೀತಿತ್ತು. ಅಂದರೆ ನಾನು ಪ್ರತಿ ಸಲ ಸಿಂಕ್ ಮಾಡಿದಾಗಲೂ ಕವಚ ಮತ್ತೆ ಸ್ವಲ್ಪ ಒಳಗೆ ಹೋಗ್ತಿತ್ತು, ಎಡಗಡೆ ಮತ್ತೆ ಸಡಿಲ ಆಗ್ತಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ನೋಡ್ತಾ ಕೂತಿದ್ದೆ. ಇಷ್ಟು ದಿನ ಮಾವನ ಗಾಡಿ ನನಗೆ ಒಗ್ಗುತ್ತಿಲ್ಲವೇನೋ ಅಂತ ಬೇಜಾರಾಗಿತ್ತು.

ಹೊಸ ಕೇಬಲ್, ಹೊಸ ಅಡ್ಜಸ್ಟರ್ ಬೆಂಗಳೂರಿಂದ ತರಿಸಿದೆ. ನಿನ್ನೆ ಹಾಕಿ, ಡ್ರಿಲ್ ಬಿಟ್ ಇಟ್ಟು ಸಮ ಮಾಡಿದೆ. ಒಂದೇ "ಟಕ್". ಹಾನುಬಾಳಿನವರೆಗೆ ಹೋಗಿ ಬಂದೆ, ಮೂರನೇ ಗೇರಿನಲ್ಲಿ 30ಕ್ಕೆ ಜರ್ಕ್ ಇಲ್ಲ.

ಎರಡು ಅನುಮಾನ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಐಡಲ್ ಸ್ವಲ್ಪ ಏರುತ್ತೆ. ಇನ್ನೊಂದು, ನನ್ನದರಲ್ಲಿ ಪಂಪ್ ಇದೆ, ಕವರಿನ ಸ್ಕ್ರೂ ಬಿಚ್ಚೋಕೆ ಹೋದರೆ ತಲೆ ಸವೆಯುತ್ತಿದೆ. ನಾಳೆ ಹಾಗೇ ಸುಬ್ರಹ್ಮಣ್ಯಕ್ಕೆ ಹೋಗಿ ಬಂದು ಆಮೇಲೆ ನೋಡಲಾ?

ತೀರ್ಥಹಳ್ಳಿ_ಮೇಷ್ಟ್ರು:

ಬಹಳ ಖುಷಿಯಾಯಿತು. ಆ ಟೋಪಿ ಇಲ್ಲದ ಕೇಬಲನ್ನು ಬಿಸಾಡಬೇಡಿ, ಇಟ್ಟುಕೊಂಡಿರಿ.

ಹ್ಯಾಂಡಲ್ ತಿರುಗಿಸಿದಾಗ ಐಡಲ್ ಏರುತ್ತದೆ ಅಂದರೆ ಕೇಬಲ್ ಎಲ್ಲೋ ಸಿಕ್ಕಿಕೊಂಡು ಎಳೆಯುತ್ತಿದೆ. ಟ್ಯಾಂಕ್ ಎತ್ತಿ, ಫ್ರೇಮಿನ ಕುತ್ತಿಗೆಯ ಹತ್ತಿರ ಅದು ಯಾವ ಕಡೆಯಿಂದ ಹೋಗಿದೆ ನೋಡಿ. ವೈರಿಂಗ್ ಕಟ್ಟಿನ ಜೊತೆ ಟೇಪ್ ಸುತ್ತಿದ್ದರೆ ಬಿಡಿಸಿ. ಆಕ್ಸಿಲರೇಟರಿನ ಹತ್ತಿರ ಒಂದೆರಡು ಮಿಲಿಮೀಟರ್ ಆಟ ಬಿಡಿ.

ಪಂಪ್ ನೋಡದೆ ನಾಳೆ ಹೋಗಬೇಡಿ. ಹಾನುಬಾಳಿಗೆ ಹೋಗಿ ಬಂದಿದ್ದೀರಿ, ಅಷ್ಟು ಸಾಕು. ಇಳಿಯುವಾಗ ಏನೂ ಆಗುವುದಿಲ್ಲ, ವಾಪಸ್ ಹತ್ತುವಾಗ ಎಂಜಿನ್ ಆಯಿಲ್ ಕೇಳುತ್ತದೆ. ಸ್ಕ್ರೂ ತಲೆ ಸವೆಯುತ್ತಿರುವುದಕ್ಕೆ ಕಾರಣ ಇದೆ. ಅದು ಜಪಾನಿ ಅಳತೆಯ ಸ್ಕ್ರೂ, ನಮ್ಮ ಸಾಮಾನ್ಯ ಸ್ಟಾರ್ ಡ್ರೈವರ್ ಅದರೊಳಗೆ ಪೂರ್ತಿ ಕೂರುವುದಿಲ್ಲ. ಜೆಐಎಸ್ ಅಂತ ಕೇಳಿ ತಗೊಳ್ಳಿ. ಸದ್ಯಕ್ಕೆ ಇಂಪ್ಯಾಕ್ಟ್ ಡ್ರೈವರ್ ಯಾರ ಹತ್ತಿರವಾದರೂ ಇದ್ದರೆ ತನ್ನಿ, ಸ್ಕ್ರೂ ಮೇಲೆ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು ಹಾಕಿದರೆ ಬರುತ್ತದೆ. ಹಿಂದಿನ ರಾತ್ರಿ ಎರಡು ಹನಿ ಎಣ್ಣೆ ಬಿಟ್ಟಿರಿ.

ಕವರ್ ಬಿಚ್ಚಿದ ಮೇಲೆ ಪುಲ್ಲಿಯ ಗುರುತಿನ ಒಂದು ಫೋಟೋ ಇಲ್ಲಿ ಹಾಕಿ. ಕೇಬಲ್ ಹೊಸದು, 50 ಕಿಲೋಮೀಟರಿಗೆ ಮತ್ತೆ ಒಂದು ಸಲ ಟಕ್ ಕೇಳಿಸಿಕೊಳ್ಳಿ.